ಜಗದಾಂಬಮ್ಮ ನೋಡಿದ ಸಮುದ್ರದ ಕೊಲೆಗಳು

ಜಗದಾಂಬಮ್ಮ ತಮ್ಮ ಅರವತ್ತೆಂಟು ವರ್ಷದಲ್ಲಿ ಒಮ್ಮೆಯೂ ಸಮುದ್ರ ನೋಡಿದವರಲ್ಲ. ಆದರೆ ಸಮುದ್ರದ ಮೇಲೆ ನಡೆದ ಕೊಲೆಗಳನ್ನು ಅವರಷ್ಟು ನೋಡಿದವರು ನಮ್ಮ ಮಲವಗೊಪ್ಪದಲ್ಲೇನು, ಇಡೀ ಜಿಲ್ಲೆಯಲ್ಲೇ ಇರಲಿಕ್ಕಿಲ್ಲ. ಅರ್ಧಕ್ಕರ್ಧ ಕೊಲೆಗೆ ನಾನೂ ಸಾಕ್ಷಿ. ಮಧ್ಯಾಹ್ನ ಎರಡೂವರೆಗೆ ಅವರ ಮನೆಯ ಟಿ.ವಿ. ಶುರುವಾಯಿತೆಂದರೆ ನಾನು ಹೊಲಿಗೆ ಮೆಷಿನ್ ನಿಲ್ಲಿಸಿ, ಹುಕ್ಕು ಹಾಕಬೇಕಾದ ಬ್ಲೌಸುಗಳನ್ನು ಮಡಿಲಲ್ಲಿ ತುಂಬಿಕೊಂಡು ಹೋಗಿ ಕೂರುತ್ತಿದ್ದೆ.

ನಾನು ಪುಷ್ಪಮ್ಮ. ಭದ್ರಾವತಿ ರಸ್ತೆಗೆ ಮುಖ ಮಾಡಿರುವ ಅವರ ಮನೆಯ ಮುಂದಿನ, ಬೇರೆ ಬಾಗಿಲಿನ ಕೋಣೆಯಲ್ಲಿ ಹನ್ನೊಂದು ವರ್ಷ ಬಾಡಿಗೆಗಿದ್ದೆ. ಟೈಲರಿಂಗ್ ಕೆಲಸ. ಬಾಯಿ ಸ್ವಲ್ಪ ಜೋರು. ಬಾಯಿ ಜೋರಿರುವ ಹೆಂಗಸರಿಗೆ ಧೈರ್ಯವೂ ಜಾಸ್ತಿ ಎಂದು ಜನ ತಿಳಿಯುತ್ತಾರೆ. ಅದು ಎಂಥ ಸುಳ್ಳು ಎನ್ನುವುದನ್ನು ಮುಂದೆ ಹೇಳುತ್ತೇನೆ.

ಈ ಸಿನಿಮಾ ಹುಚ್ಚು ಹತ್ತಿಸಿದವಳು ಸೊಸೆ ಸುಮನಾ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಗೆ ಹೊತ್ತು ಹೋಗಲೆಂದು ಕನ್ನಡಕ್ಕೆ ಡಬ್ ಆದ ಇಂಗ್ಲಿಷ್ ಸಿನಿಮಾ ಒಂದನ್ನು ಹಾಕಿದಳಂತೆ. ದೊಡ್ಡ ದೊಡ್ಡ ಶ್ರೀಮಂತರು ಬೆಳ್ಳನೆಯ ದೋಣಿಯಲ್ಲಿ ಮೋಜಿಗೆ ಹೋಗುವುದು, ನಡುನೀರಿನಲ್ಲಿ ಒಬ್ಬೊಬ್ಬರೇ ಸಾಯುವುದು. ಅತ್ತೆ ಅಂದಿನಿಂದ ಧಾರಾವಾಹಿ ಬಿಟ್ಟರು. ‘ಯಾಟ್’ ಎಂದು ಸುಮನಾ ಎಷ್ಟು ಹೇಳಿಕೊಟ್ಟರೂ ಅವರ ಬಾಯಲ್ಲಿ ಅದು ‘ಮಜಾ ದೋಣಿ’ಯೇ. “ಇವತ್ತು ಮಜಾ ದೋಣೀದು ಯಾವ್ದಾದ್ರೂ ಹೊಸದು ಹಾಕೇ, ಹೆಣ ಬೇಗ ಬೀಳ್ಬೇಕು” ಎನ್ನುತ್ತಿದ್ದರು.

ಅವರಿಗೆ ಸುಮ್ಮನೆ ನೋಡಲು ಬರುತ್ತಿರಲಿಲ್ಲ. ತೀರಿಕೊಂಡ ಗಂಡ ಗಂಗಾಧರಪ್ಪನವರು ಭದ್ರಾವತಿಯ ಕಾರ್ಖಾನೆಯಲ್ಲಿದ್ದಾಗ ಕ್ವಾರ್ಟರ್ಸಿನಲ್ಲಿ ಇಪ್ಪತ್ತಾರು ವರ್ಷ ಕಳೆದವರು. ಅಲ್ಲಿ ಹತ್ತು ಮನೆಗೊಂದು ಟಿ.ವಿ., ಎಲ್ಲರೂ ಸೇರಿ ಪರದೆಗೆ ಬುದ್ಧಿ ಹೇಳುವುದು ರೂಢಿ. ಪಕ್ಕದ ಮನೆಯ ತಮಿಳು ಹೆಂಗಸಿನಿಂದ ಕಲಿತ ‘ಅಡ ಪಾವಿ’ ಎಂಬ ಬೈಗುಳ ಕೊಲೆಗಾರನಿಗೇ ಮೀಸಲು. “ಅಡ ಪಾವಿ! ಹಿಂದೆ ನೋಡೇ ಮಾರಾಯ್ತಿ, ಹಿಂದೆ ನಿಂತಿದಾನೆ! ಅಯ್ಯೋ ಶಿವನೇ, ಇವಳಿಗೆ ಕಿವೀನೂ ಇಲ್ವಾ?” ಎಂದು ಅವರು ಕಿರುಚಿದರೆ ಎದುರು ಮನೆಯ ಸುಬ್ಬಪ್ಪನ ನಾಯಿ ಬೊಗಳುತ್ತಿತ್ತು.

ಒಂದು ಸಿನಿಮಾವನ್ನಂತೂ ನಾಲ್ಕು ಸಲ ನೋಡಿದೆವು. ದೋಣಿಯ ಯಜಮಾನ ಹುಟ್ಟುಹಬ್ಬದ ನೆಪದಲ್ಲಿ ಐದು ಜನರನ್ನು ಕರೆದುಕೊಂಡು ನಡುಸಮುದ್ರಕ್ಕೆ ಹೋಗುತ್ತಾನೆ. ಒಬ್ಬನ ಕುತ್ತಿಗೆಗೆ ಲಂಗರಿನ ಸರಪಳಿ ಸುತ್ತಿ ಕಣ್ಣು ಹೊರಬರುವ ತನಕ ಬಿಗಿಯುತ್ತಾನೆ. ಇನ್ನೊಬ್ಬಳು ಈಜುತ್ತಿರುವಾಗ ಏಣಿ ಮೇಲಕ್ಕೆಳೆದುಕೊಳ್ಳುತ್ತಾನೆ. ಅವಳು ದೋಣಿಯ ನುಣುಪು ಮೈಯನ್ನು ಉಗುರು ಕಿತ್ತುಹೋಗುವ ಹಾಗೆ ಕೆರೆಯುತ್ತ ಮುಳುಗುತ್ತಾಳೆ, ಈ ಹಾಳಾದವನು ಮೇಲೆ ಕುಳಿತು ದ್ರಾಕ್ಷಿ ತಿನ್ನುತ್ತಾನೆ. ಉಳಿದ ಅಡುಗೆಯವಳೊಬ್ಬಳು ಮೀನಿನ ಪೆಟ್ಟಿಗೆಯಲ್ಲಿ ಅಡಗಿರುತ್ತಾಳೆ. ಕೊನೆಗೆ ದೋಣಿಯ ಕೆಳಗಿನ ಫ್ಯಾನಿಗೆ ಹಗ್ಗ ಸಿಕ್ಕಿಕೊಂಡು, ಬಿಡಿಸಲೆಂದು ಅವನು ನೀರಿಗಿಳಿದಾಗ, ಅವಳು ಎದ್ದು ಬಂದು ಎಂಜಿನ್ ಶುರು ಮಾಡುತ್ತಾಳೆ. ನೀರು ಆರತಿ ತಟ್ಟೆಯ ನೀರಿನ ಹಾಗೆ ಕೆಂಪಾಗುತ್ತದೆ. ಜಗದಾಂಬಮ್ಮ ಚಪ್ಪಾಳೆ ತಟ್ಟುತ್ತಿದ್ದರು.

ಕೊಲೆಗಾರ ಯಾರೆಂದು ಅವರಿಗೆ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತಿತ್ತು. “ಎಲ್ರಿಗೂ ತಾನೇ ಬಡಿಸ್ತಾನಲ್ಲ, ನಗನಗ್ತಾ ಮಾತಾಡ್ತಾನಲ್ಲ, ಅವನೇ ಕಣೇ ಪುಷ್ಪ” ಎನ್ನುತ್ತಿದ್ದರು. “ಇಂಥವರು ಮೊದ್ಲೇ ಚಾಕು ಹಿಡಿಯಲ್ಲ. ಮೊದ್ಲು ದೋಣೀಲಿರೋ ರೇಡಿಯೊ ನೀರಿಗೆ ಎಸೀತಾರೆ, ಯಾರನ್ನೂ ಕರೀಬಾರ್ದು ಅಂತ. ಆಮೇಲೆ ಬೀಗದಕೈ ಜೇಬಿಗೆ ಹಾಕ್ಕೋತಾರೆ. ಚಾಕು ಬರೋದು ಕೊನೆಗೆ.” ಈ ಮಾತಿಗೆ ಸುಮನಾ ನಗುತ್ತಿರಲಿಲ್ಲ. ಆಗ ನಾನು ಅದನ್ನು ಗಮನಿಸಿದೆ, ಗಮನಿಸದವಳ ಹಾಗೆ ದಾರ ಕಚ್ಚಿದೆ.

ಈಗ ಆ ಮನೆಯ ನಗನಗುತ್ತ ಮಾತಾಡುವವನ ವಿಷಯ. ಜಗದಾಂಬಮ್ಮನ ಒಬ್ಬನೇ ಮಗ ಜ್ಞಾನೇಶ್ ಟ್ರ್ಯಾಕ್ಟರ್ ಷೋರೂಮಿನಲ್ಲಿ ಮಾರಾಟದ ಕೆಲಸದಲ್ಲಿದ್ದ. ಬೀದಿಯಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ನನಗೂ ಎರಡು ಸಲ ಗ್ಯಾಸ್ ಸಿಲಿಂಡರ್ ಹೊತ್ತು ತಂದುಕೊಟ್ಟಿದ್ದಾನೆ. ‘ಜ್ಞಾನೇಶ್ ಅಂದ್ರೆ ಬಂಗಾರ’ ಎಂದು ಸುಬ್ಬಪ್ಪ ಹೇಳದ ದಿನವಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಆ ಮಾತು ಇವನನ್ನು ನೋಡಿಯೇ ಹುಟ್ಟಿರಬೇಕು.

ನನ್ನ ಕೋಣೆಗೂ ಗಂಡ ಹೆಂಡಿರ ಮಲಗುವ ಕೋಣೆಗೂ ನಡುವೆ ಅರ್ಧ ಇಟ್ಟಿಗೆಯ ಗೋಡೆ. ಸಂಜೆ ಅವನು ಬಂದ ಮೇಲೆ ಮೊದಲು ಮೆಲ್ಲನೆ ಪ್ರಶ್ನೆ ಕೇಳುವ ದನಿ. ಸಾರಿಗೆ ಉಪ್ಪೇಕೆ ಹೆಚ್ಚು, ಕಿಟಕಿ ಯಾಕೆ ತೆರೆದಿತ್ತು, ಯಾರ ಹತ್ತಿರ ನಗುತ್ತಿದ್ದೆ. ಆಮೇಲೆ ಬೆಲ್ಟು. ಆಮೇಲೆ ತಲೆ ಗೋಡೆಗೆ ಬಡಿಯುವ ಸದ್ದು. ಅದು ಈ ಕಡೆ ನನ್ನ ದಾರದ ಉಂಡೆಗಳು ಶೆಲ್ಫಿನಿಂದ ಉರುಳುವಷ್ಟು ಜೋರು. ಸುಮನಾ ಕೂಗುತ್ತಿರಲಿಲ್ಲ. ಬಾಯಿಗೆ ಬಟ್ಟೆ ತುರುಕಿ ಹೊಡೆಯುತ್ತಿದ್ದ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ನಾನು ಏನು ಮಾಡುತ್ತಿದ್ದೆ? ಮೆಷಿನ್ ಜೋರಾಗಿ ತುಳಿಯುತ್ತಿದ್ದೆ. ಬಟ್ಟೆ ಇಲ್ಲದಿದ್ದರೂ ತುಳಿಯುತ್ತಿದ್ದೆ. ಎರಡು ವರ್ಷ.

ಸುಮನಾ ಮೊದಲ ಸಲ ಬಸುರಾದಾಗ ಮೂರನೇ ತಿಂಗಳಲ್ಲಿ ಹೊಟ್ಟೆಗೆ ಒದ್ದ. ಬಚ್ಚಲಿನಿಂದ ಹೊಸ್ತಿಲ ತನಕ ರಕ್ತ. ಭದ್ರಾವತಿಯ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಜಗದಾಂಬಮ್ಮನೇ ಮುಂದೆ ಬಂದು, “ಬಚ್ಚಲಲ್ಲಿ ಜಾರಿಬಿದ್ಲು” ಎಂದರು. ನಾನು ಪಕ್ಕದಲ್ಲೇ ಫ್ಲಾಸ್ಕು ಹಿಡಿದು ನಿಂತಿದ್ದೆ. ತವರಿನವರು ಬಂದು, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಹೊಂದಿಕೊಂಡು ಹೋಗಮ್ಮ ಎಂದು ಹೇಳಿ ಹೋದರು. ಆ ಗಾದೆ ಕಟ್ಟಿದವನ ಬಾಯಿಗೆ ಮಣ್ಣು ಬೀಳಲಿ.

ಹೋದ ಆಷಾಢದಲ್ಲಿ ಸುಮನಾ ಮತ್ತೆ ಐದು ತಿಂಗಳ ಬಸುರಿ. ಒಂದು ದಿನ ಅವಳ ಫೋನಿಗೆ ಯಾವುದೋ ಗೊತ್ತಿಲ್ಲದ ನಂಬರಿನ ಕರೆ ಬಂತೆಂದು ಅವನು ಫೋನು ಕಿತ್ತುಕೊಂಡು ಅಂಗಳದ ಸಂಪಿನೊಳಗೆ ಎಸೆದ. ಮಾರನೆಯ ದಿನ ಹಿತ್ತಲ ಬಾಗಿಲಿಗೊಂದು ಬೀಗ, ಮುಂದಿನ ಜಗಲಿಯ ಗ್ರಿಲ್ಲಿಗೊಂದು ಬೀಗ. ಕಳ್ಳರ ಕಾಟ ಎಂದು ಬೀದಿಗೆಲ್ಲ ಹೇಳಿದ. ಅತ್ತೆ ಸೊಸೆ ಇಬ್ಬರೂ ಒಳಗೆ, ಬೀಗದಕೈ ಅವನ ಜೊತೆ ಷೋರೂಮಿಗೆ. ಟಿ.ವಿ. ಮಾತ್ರ ಬಿಟ್ಟಿದ್ದ. ಅವತ್ತು ಮಧ್ಯಾಹ್ನ ನಾನು ಗ್ರಿಲ್ಲಿನ ಹೊರಗೆ ಚಾಪೆ ಹಾಕಿಕೊಂಡು ಕುಳಿತೆ. ಅದೇ ಐದು ಜನರ ಸಿನಿಮಾ ಓಡುತ್ತಿತ್ತು. ಯಜಮಾನ ರೇಡಿಯೊ ಎತ್ತಿ ನೀರಿಗೆ ಎಸೆದ.

“ನಿಲ್ಸು” ಎಂದರು ಜಗದಾಂಬಮ್ಮ. ಸುಮನಾ ರಿಮೋಟ್ ಒತ್ತಿದಳು. ಮುದುಕಿ ಬಹಳ ಹೊತ್ತು ಆ ನಿಂತ ಚಿತ್ರವನ್ನೇ ನೋಡಿದರು. ಅವರ ಎಡಗೈಯ ಕಿರುಬೆರಳು ಸೊಟ್ಟ. ಒನಕೆ ಬಿದ್ದದ್ದು ಎಂದು ಎಲ್ಲರಿಗೂ ಹೇಳುತ್ತಿದ್ದರು. ಆ ಬೆರಳನ್ನು ನೀವಿಕೊಳ್ಳುತ್ತ, “ಜ್ಞಾನೇಶನ ಅಪ್ಪನೂ ಹಿಂಗೇ. ಫ್ಯಾಕ್ಟ್ರಿಯಿಂದ ಬಂದು ಬೆರಳು ಮುರಿದಿದ್ರು, ಒನಕೆ ಅಲ್ಲ. ನಾನು ಸಹಿಸ್ಕೊಂಡೆ, ಇವನು ನೋಡಿ ಕಲ್ತ” ಎಂದರು. ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಆಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟು, “ಇದನ್ನ ಅವನು ಉಳ್ಸಲ್ಲ ಕಣೇ. ನಿನ್ನನ್ನೂ ಉಳ್ಸಲ್ಲ” ಎಂದರು.

“ಅಮ್ಮ, ಪೊಲೀಸಿಗೆ ಹೇಳೋಣ” ಎಂದೆ ಗ್ರಿಲ್ಲಿನಾಚೆಯಿಂದ.

“ಹೆತ್ತ ಮಗನ್ನ ಕೈಯಾರೆ ಠಾಣೆಗೆ ಕಳಿಸ್ಲಾ ಪುಷ್ಪ? ಅದೊಂದು ನನ್ ಕೈಲಿ ಆಗಲ್ಲ.”

“ಹಾಗಾದ್ರೆ ಬೀಗ ಒಡೀತೀನಿ.”

“ನೀನು ಒಂದೇಟು ಹಾಕೋದ್ರೊಳಗೆ ಸುಬ್ಬಪ್ಪ ಅವನಿಗೆ ಫೋನ್ ಮಾಡಿರ್ತಾನೆ. ಇವನು ಅರ್ಧ ದಾರೀಲೇ ಇವಳನ್ನ ಹಿಡ್ಕೊಂಡು ಬರ್ತಾನೆ.” ಮತ್ತೆ ಟಿ.ವಿ. ಕಡೆ ನೋಡಿದರು. “ಈ ಅಡುಗೆಯವಳು ಯಾವಾಗ ತಪ್ಪಿಸ್ಕೊಂಡ್ಲು ಹೇಳು. ಅವನು ನೀರಿಗಿಳಿದಾಗ. ನಮ್ಮವನೂ ದಿನಾ ಒಂದ್ಸಲ ನೀರಿಗಿಳೀತಾನೆ.”

ನನಗೆ ಅರ್ಥವಾಗಲಿಲ್ಲ. ಅವರು ಹೇಳಿದ್ದು ಅವನ ಪೂಜೆಯ ವಿಷಯ. ಜ್ಞಾನೇಶ್ ಬೆಳಿಗ್ಗೆ ಸ್ನಾನ ಮಾಡಿ, ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತರೆ ಮುಗಿಯುವ ತನಕ ಏಳುತ್ತಿರಲಿಲ್ಲ, ಮಾತೂ ಇಲ್ಲ. ಸೋಮವಾರವಂತೂ ಮುಕ್ಕಾಲು ಗಂಟೆ. ಒಮ್ಮೆ ಒಲೆಯ ಗ್ಯಾಸ್ ಪೈಪಿಗೆ ಬೆಂಕಿ ಹತ್ತಿಕೊಂಡಾಗಲೂ ಏಳದೆ ಕೂತಿದ್ದ. ಒದ್ದೆ ಗೋಣಿಚೀಲ ಹಾಕಿ ಆರಿಸಿದ್ದು ಜಗದಾಂಬಮ್ಮ. ‘ನಮ್ಮ ಜ್ಞಾನೇಶನ ನಿಷ್ಠೆ ಅಂದ್ರೆ ನಿಷ್ಠೆ’ ಎಂದು ಅವರೇ ಊರೆಲ್ಲ ಹೇಳಿಕೊಂಡು ಬಂದಿದ್ದರು. ಪೂಜೆಗೆ ಕೂರುವಾಗ ಬೀಗದಕೈ ಗೊಂಚಲನ್ನು ಮಣೆಯ ಪಕ್ಕ ವಿಭೂತಿಯ ಬಟ್ಟಲ ಹತ್ತಿರ ಇಡುತ್ತಿದ್ದ. ಬಿಲ್ವಪತ್ರೆಯ ತಟ್ಟೆ ತಂದಿಡುವವರು ತಾಯಿ. ಮಗ ಕೈಯಲ್ಲಿ ಲಿಂಗ ಹಿಡಿದಿರುವಾಗ ಏಳುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ ನಾವು ಮೂವರು ಹೆಂಗಸರು ಲೆಕ್ಕ ಹಾಕಿದೆವು. ಕೊಲ್ಲುವವನ ನಿಷ್ಠೆಯನ್ನು ನಂಬಿದೆವಲ್ಲ, ನಮ್ಮಂಥ ದಡ್ಡರು ಯಾವ ಸಿನಿಮಾದಲ್ಲೂ ಇರಲಿಲ್ಲ.

ನನ್ನ ಅಕ್ಕನ ಮಗಳು ಸ್ಪಂದನಾ ಶಿವಮೊಗ್ಗದ ಆಲ್ಕೊಳದಲ್ಲಿ ಇದ್ದಾಳೆ, ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಾಳೆ. ಜ್ಞಾನೇಶನಿಗೆ ಅವಳ ಮುಖ ಪರಿಚಯವೂ ಇಲ್ಲ. ಸುಮನಾ ಅಲ್ಲಿಗೆ ಹೋಗುವುದೆಂದಾಯಿತು. ಬಸುರಿ ತಪಾಸಣೆಯ ತಾಯಿ ಕಾರ್ಡು, ಎರಡು ಜೊತೆ ಬಟ್ಟೆ, ಮಾತ್ರೆ ಎಲ್ಲವನ್ನೂ ಗ್ರಿಲ್ಲಿನ ಕಂಬಿಯ ನಡುವೆ ಒಂದೊಂದಾಗಿ ಈಚೆ ತೆಗೆದು ನನ್ನ ಬಟ್ಟೆ ಚೀಲದಲ್ಲಿ ತುಂಬಿದೆ. ಭಾನುವಾರ ಜಗದಾಂಬಮ್ಮ ಗ್ರಿಲ್ಲಿನ ಕೀಲುಗಳಿಗೆ ಕೊಬ್ಬರಿ ಎಣ್ಣೆ ಬಿಟ್ಟರು. “ನೀನು ಬಸ್ಸು ನಿಲ್ಸಿ ಅವಳನ್ನ ಹತ್ತಿಸು. ಉಳಿದದ್ದು ನನ್ನದು” ಎಂದರು. ಉಳಿದದ್ದು ಎಂದರೆ ಏನೆಂದು ಕೇಳಲು ನನಗೆ ಹೊಳೆಯಲಿಲ್ಲ.

ಸೋಮವಾರ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ಖಾಸಗಿ ಬಸ್ಸು ಏಳು ಹತ್ತಕ್ಕೆ ನಮ್ಮ ಮನೆ ಮುಂದೆ ಹಾಯುತ್ತದೆ. ಏಳಕ್ಕೆ ನಾನು ಚೀಲ ಹಿಡಿದು ರಸ್ತೆಯ ಅಂಚಿನಲ್ಲಿ ನಿಂತಿದ್ದೆ. ಅಲ್ಲಿಂದ ಅಂಗಳ, ಜಗಲಿಯ ಗ್ರಿಲ್ಲು, ಹಜಾರ, ಅದರ ಕೊನೆಯ ದೇವರ ಕೋಣೆ ಎಲ್ಲ ನೇರಕ್ಕೆ ಕಾಣುತ್ತದೆ. ಅವನ ಬೆತ್ತಲೆ ಬೆನ್ನು ಕಾಣುತ್ತಿತ್ತು. ಜಗದಾಂಬಮ್ಮ ತಟ್ಟೆ ಹಿಡಿದು ಒಳಗೆ ಹೋದರು, ಬಗ್ಗಿದರು, ಎದ್ದರು. ಹೊರಬಂದಾಗ ಅವರ ಬಲಗೈ ಸೆರಗಿನೊಳಗಿತ್ತು.

ಸುಮನಾ ಆ ಗೊಂಚಲಿನಿಂದ ಬೀಗ ತೆಗೆದಳು. ಸದ್ದೇ ಇಲ್ಲ. ಹೊಸ್ತಿಲು ದಾಟಿ ನಿಂತು ಅತ್ತೆಯ ಕೈ ಹಿಡಿದು ಎಳೆದಳು. ‘ನೀವೂ ಬನ್ನಿ’ ಎಂದಳೆಂದು ಕಾಣುತ್ತದೆ. ಮುದುಕಿ ಅವಳ ಕೈ ಕೊಡವಿ ಮುಂದಕ್ಕೆ ತಳ್ಳಿದರು. ಅಷ್ಟರಲ್ಲಿ ಬಸ್ಸು ಬಂತು. ನಾನು ಕೈ ಅಡ್ಡ ಹಿಡಿದೆ. ಆ ಡ್ರೈವರನಿಗೇನು ಗೊತ್ತು, ಇಡೀ ಮಲವಗೊಪ್ಪ ಏಳುವ ಹಾಗೆ ಸಂಗೀತದ ಹಾರ್ನ್ ಬಾರಿಸಿದ. ಕಂಡಕ್ಟರ್ ಬಾಗಿಲಿಗೆ ನೇತಾಡುತ್ತ, “ಬನ್ನಿ ಬನ್ನಿ, ಬೇಗ ಬನ್ನಿ ಅಕ್ಕಾ!” ಎಂದು ಕೂಗಿದ.

ಆ ಬೆನ್ನು ತಿರುಗಿತು.

ಏಳುವುದಿಲ್ಲ, ಏಳುವುದಿಲ್ಲ ಎಂದು ನಾನು ಮನಸ್ಸಿನಲ್ಲಿ ಜಪಿಸುತ್ತಿದ್ದೆ. ಅವನು ಎದ್ದ. ಪಂಚೆ ಎತ್ತಿ ಕಟ್ಟಿ ಹಜಾರದಲ್ಲಿ ಓಡಿ ಬಂದ. ಸುಮನಾ ಆಗಿನ್ನೂ ಅಂಗಳದ ನಡುವೆ, ಹೊಟ್ಟೆ ಹಿಡಿದುಕೊಂಡು ಓಡಲಾರದೆ ಓಡುತ್ತಿದ್ದಳು. ಆಗ ಜಗದಾಂಬಮ್ಮ ಒಳಗಿನಿಂದ ಗ್ರಿಲ್ಲು ಎಳೆದು, ಕೈ ಹೊರಗೆ ಹಾಕಿ ಬೀಗ ಒತ್ತಿದರು. ಬೀಗದಲ್ಲೇ ಇದ್ದ ಗೊಂಚಲನ್ನು ಕಿತ್ತು ಬೀಸಿ ಎಸೆದರು. ನೀರು ಹಿಡಿಯಲೆಂದು ಸಂಪಿನ ಮುಚ್ಚಳ ತೆರೆದಿತ್ತು. ಫೋನು ಹೋದಲ್ಲಿಗೇ ಬೀಗದಕೈಯೂ ಹೋಯಿತು. ಕೊಲೆಗಾರನ ಜೊತೆ ತಮ್ಮನ್ನೂ ಕೂಡಿ ಬೀಗ ಹಾಕಿಕೊಂಡು, ಗ್ರಿಲ್ಲಿಗೆ ಬೆನ್ನುಕೊಟ್ಟು ನಿಂತರು.

“ಕೈಯಲ್ಲಿ ಲಿಂಗ ಇದೆ ಕಣೋ! ಹೋಗಿ ಕೂತ್ಕೊ!” ಎಂದದ್ದು ರಸ್ತೆಗೂ ಕೇಳಿಸಿತು.

ಅವನು ಲಿಂಗದ ಮೇಲೆ ಬೆರಳು ಮಡಚಿ, ಅದೇ ಮುಷ್ಟಿಯಿಂದ ತಾಯಿಯ ಬಾಯಿಗೆ ಗುದ್ದಿದ.

ನಾನು ಸುಮನಾಳನ್ನು ಬಸ್ಸಿನೊಳಕ್ಕೆ ನೂಕಿ ಚೀಲ ಎಸೆದೆ. “ಅತ್ತೆ! ಅತ್ತೆ!” ಎಂದು ಅವಳು ಇಳಿಯಲು ಬಂದಳು. “ಇಳಿದ್ರೆ ನಾನೇ ಕೊಂದ್ಹಾಕ್ತೀನಿ, ಹೋಗು!” ಎಂದು ಅರಚಿದೆ. ಬಸ್ಸು ಹೋಯಿತು. ತಿರುಗಿ ಓಡಿಬಂದು ನೋಡಿದರೆ, ಎಡಗೈ, ಬಲಗೈ, ಮೊಣಕಾಲು, ಯಾವುದೂ ಬಿಡದೆ ಹೊಡೆಯುತ್ತಿದ್ದ. ಕಂಬಿಯಿಂದ ಅವರನ್ನು ಬಿಡಿಸಲು ತೋಳು ತಿರುಚಿದ. ಹಸಿ ಕಟ್ಟಿಗೆ ಮುರಿದ ಸದ್ದು ಬಂತು. ಅವರು ಬಿಡಲಿಲ್ಲ. ಇನ್ನೊಂದು ಕೈಯನ್ನು ಕಂಬಿಗೆ ಸುತ್ತಿಕೊಂಡು ನೇತುಬಿದ್ದಿದ್ದರು. ಗಲ್ಲದಿಂದ ರಕ್ತ ಸೀರೆಗೆ ಇಳಿಯುತ್ತಿತ್ತು. ನಾನು ಕೋಣೆಗೆ ನುಗ್ಗಿ ಇದ್ದಿಲ ಇಸ್ತ್ರಿಪೆಟ್ಟಿಗೆ ತಂದು ಬೀಗಕ್ಕೆ ಬಡಿದೆ, ಬೀಗ ಒಡೆಯಲಿಲ್ಲ. ಕಂಬಿಯ ನಡುವೆ ಬಂದ ಅವನ ಮಣಿಕಟ್ಟಿಗೆ ಬಡಿದೆ, ಅದು ಒಡೆಯಿತು. ಅವನು ಊಳಿಟ್ಟ. ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಬೀದಿಯೇ ಕೇಳುವ ಹಾಗೆ ಕೂಗಿದೆ. ಸುಬ್ಬಪ್ಪ ಹಾರೆ ತಂದು ಬೀಗ ಮೀಟಿದ. ಒಳಗೆ ಹೋದಾಗ ಲಿಂಗ ನೆಲದ ಮೇಲೆ ರಕ್ತದಲ್ಲಿ ಬಿದ್ದಿತ್ತು. ಎರಡು ಹಲ್ಲೂ ಪಕ್ಕದಲ್ಲಿದ್ದವು. ಜಗದಾಂಬಮ್ಮ ಸರಿಯಾದ ಕೈಯಿಂದ ಲಿಂಗವನ್ನು ಎತ್ತಿ, ಸೆರಗಿನ ಒಣ ಮೂಲೆಯಲ್ಲಿ ಒರೆಸಿ, ಕಣ್ಣಿಗೊತ್ತಿಕೊಂಡು, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು. ಮಗನಿಗೆ ಕೊಡಲಿಲ್ಲ.

ಶಿವಮೊಗ್ಗದ ಆಸ್ಪತ್ರೆಗೆ ಹೋದದ್ದು ಸುಬ್ಬಪ್ಪನ ಕಾರಿನಲ್ಲಿ. ಜ್ಞಾನೇಶನೂ ಅದೇ ಕಾರಿನಲ್ಲಿ ಬಂದ! ಮುರಿದ ಕೈಗೆ ಟವೆಲ್ ಸುತ್ತಿಕೊಂಡು, ಶರಟು ಹಾಕಿಕೊಂಡು, ಹಣೆಯ ವಿಭೂತಿ ಸರಿಮಾಡಿಕೊಂಡು. ದಾರಿಯುದ್ದಕ್ಕೂ ಸುಬ್ಬಪ್ಪ, “ಮನೆ ವಿಷಯ, ಮನೇಲೇ ಇರ್ಲಿ ಪುಷ್ಪಮ್ಮ” ಎನ್ನುತ್ತಿದ್ದ. ನಾವು ಆಸ್ಪತ್ರೆಯ ಬಾಗಿಲಲ್ಲಿರುವಾಗ ಸ್ಪಂದನಾ ಆಲ್ಕೊಳದಿಂದ ಫೋನು ಮಾಡಿ, “ಸುಮನಾ ಬಂದ್ರು ಚಿಕ್ಕಮ್ಮ, ಮನೆ ಒಳಗೆ ಕೂರಿಸಿದೀನಿ” ಎಂದಳು. ಜ್ಞಾನೇಶ್ ನನ್ನ ಪಕ್ಕಕ್ಕೆ ಬಂದು, ಸಿಲಿಂಡರ್ ತಂದುಕೊಟ್ಟ ದಿನದ ಅದೇ ದನಿಯಲ್ಲಿ, “ಸುಮನಾ ಎಲ್ಲಿಗೆ ಹೋದ್ಲು ಪುಷ್ಪಕ್ಕ? ಹೇಳಿ, ಸಂಜೆ ಹೋಗಿ ಕರ್ಕೊಂಡು ಬರ್ತೀನಿ” ಎಂದ. ನಗುತ್ತಿದ್ದ. ಇವನು ಹೊರಗಿದ್ದರೆ ಆಲ್ಕೊಳ ಎಷ್ಟು ದೂರ!

ಡ್ಯೂಟಿ ಡಾಕ್ಟರು ಚಿಕ್ಕ ಹುಡುಗಿ. ಪಕ್ಕದಲ್ಲಿ ರಿಜಿಸ್ಟರ್ ಹಿಡಿದ ಮಹಿಳಾ ಕಾನ್‌ಸ್ಟೇಬಲ್. “ಏನಾಯ್ತಜ್ಜಿ?” ಎಂದು ಡಾಕ್ಟರು ಕೇಳಿದರು.

“ಬಚ್ಚಲಲ್ಲಿ ಜಾರಿಬಿದ್ರು ಮೇಡಂ” ಎಂದ ಜ್ಞಾನೇಶ್. “ಹಿಡಿಯೋಕೆ ಹೋಗಿ ನಂದೂ ಕೈ ಮುರೀತು.” ಸುಬ್ಬಪ್ಪ ತಲೆ ಅಲ್ಲಾಡಿಸಿದ.

ಜಗದಾಂಬಮ್ಮ ಮಗನ ಮುಖ ನೋಡಿದರು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಹೆತ್ತವಳು, ಸಿಟ್ಟು ಎಲ್ಲಿಂದ ಬರಬೇಕು. ನೀರು ತುಂಬಿ ಕಿವಿಯ ಕಡೆ ಇಳಿಯಿತು.

“ನನ್ನ ಮಗ ಹೊಡೆದ” ಎಂದರು. ಹಲ್ಲು ಹೋದ ಬಾಯಿ, ಮಾತು ತೊದಲುತ್ತಿತ್ತು, ಆದರೂ ಎಲ್ಲರಿಗೂ ಕೇಳಿಸಿತು. “ಬರ್ಕೊಳಮ್ಮ. ಹೋದ ವರ್ಷದ್ದೂ ಬರ್ಕೊ. ನನ್ನ ಸೊಸೆ ಬಚ್ಚಲಲ್ಲಿ ಜಾರಿರ್ಲಿಲ್ಲ. ಇವನು ಒದ್ದಿದ್ದ, ಮಗು ಹೋಯ್ತು. ಸುಳ್ಳು ಹೇಳಿದವಳು ನಾನು. ನನ್ನ ಹೆಸರೂ ಬರ್ಕೊ.”

ಕಾನ್‌ಸ್ಟೇಬಲ್ ಅವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಠಾಣೆಗೆ ಫೋನು ಮಾಡಿ ಬಂದಳು. ಆಮೇಲೆ ನನ್ನ ಕಡೆ ತಿರುಗಿ, “ನೀವು ಪಕ್ಕದ ಮನೆಯವರಾ? ಇದೆಲ್ಲ ನಿಮಗೆ ಗೊತ್ತಿತ್ತಾ?” ಎಂದಳು.

ಜಗದಾಂಬಮ್ಮ ನನ್ನನ್ನೇ ನೋಡುತ್ತಿದ್ದರು. ಗೊತ್ತಿತ್ತು, ಎರಡು ವರ್ಷದಿಂದ ಗೋಡೆಯ ಈಚೆ ಕೂತು ಕೇಳಿಸಿಕೊಂಡಿದ್ದೇನೆ ಎಂದೆ. ಕೇಳಿಸಬಾರದೆಂದು ಮೆಷಿನ್ ಜೋರಾಗಿ ತುಳಿಯುತ್ತಿದ್ದದ್ದನ್ನೂ ಹೇಳಿ, ಅದನ್ನೂ ಬರೆದುಕೊಳ್ಳಿ ಎಂದೆ. ಅವಳು ಬರೆದುಕೊಂಡಳು.